ನಾವು ಅಂದರೆ ಯಾರ್ಯಾರು

ರಾಯಬಾಗ ದಾಟಿ, ಕುಡಚಿಯ ಸೇತುವೆ ಮೇಲೆ ಬಸ್ಸು ಬರುತ್ತಿದ್ದಂತೆ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಕಬ್ಬು ನುರಿಸುವ ದಿನಗಳಲ್ಲಿ ಕೃಷ್ಣೆಯ ದಂಡೆಯ ಈ ಊರುಗಳ ಮೇಲೆಲ್ಲ ಕವಿದುಕೊಳ್ಳುವ ಕಾಕಂಬಿಯ ವಾಸನೆ. ಅರ್ಧ ಸಿಹಿ, ಅರ್ಧ ಹುಳಿ. ಮೂಗಿಗೆ ಹತ್ತಿತೆಂದರೆ ಬಟ್ಟೆಗೂ ಹತ್ತಿತು ಅಂತಲೇ ತಿಳಿಯಬೇಕು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ.

ಚಿಕ್ಕೋಡಿಗೆ ಬಂದದ್ದು ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ. ಭಾನುವಾರ ರಜೆ ಸಿಕ್ಕಿತು. ಜೊತೆಗೆ ಬಂದವರೆಲ್ಲ ನಿಪ್ಪಾಣಿಗೆ ಹೋಗಿ, ಅಲ್ಲಿಂದ ಕೊಲ್ಹಾಪುರ ನೋಡಿಕೊಂಡು ಬರುವುದೆಂದು ಹೊರಟರು. ನನಗೆ ಉಗಾರದಲ್ಲಿ ಸ್ವಲ್ಪ ಕೆಲಸವಿದೆ ಅಂದೆ. ಏನು ಕೆಲಸ ಅಂತ ಯಾರಾದರೂ ಕೇಳಿದ್ದರೆ ಬೆಬ್ಬೆಬ್ಬೆ ಅನ್ನುತ್ತಿದ್ದೆ. ಉಗಾರ ಖುರ್ದದಲ್ಲಿ ಅಕ್ಕಾತಾಯಿ ಅನ್ನುವವರ ಮನೆಯಲ್ಲಿ ನಾನು ಒಂದು ವರ್ಷ ಬಾಡಿಗೆಗಿದ್ದೆ, ಅಷ್ಟೇ. ನಾನು ಅವರಿಗೆ ಏನಾಗಿದ್ದೆ, ಬಾಡಿಗೆಯವಳೋ ಮನೆಯವಳೋ ಅನ್ನುವುದು ಆ ವರ್ಷ ನನಗೆ ತಿಳಿಯಲಿಲ್ಲ. ಆಮೇಲೂ ತಿಳಿಯಲಿಲ್ಲ. ಇಷ್ಟು ವರ್ಷ ಕಳೆದರೂ ಅದು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು.

ನಾನು ಮಂಡ್ಯದ ಕಡೆಯವಳು. ಕಬ್ಬಿನ ಗದ್ದೆ, ಆಲೆಮನೆ, ಗಾಡಿಯ ಹಿಂದೆ ಓಡಿ ಜಲ್ಲೆ ಎಳೆಯುವುದು ಎಲ್ಲ ನೋಡಿಯೇ ಬೆಳೆದವಳು. ಕಾಗವಾಡದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಾಗ ನಮ್ಮಮ್ಮ, "ಅಲ್ಲೂ ಕಬ್ಬೇ ಅಂತೆ ಕಣೆ, ನಮ್ಮೂರ ಥರಾನೇ ಇರುತ್ತೆ ಬಿಡು" ಅಂತ ಬಸ್ಸು ಹತ್ತಿಸಿದ್ದಳು. ಕಬ್ಬೇನೋ ಇತ್ತು. ಬೇರೆ ಯಾವುದೂ ನಮ್ಮೂರ ಥರ ಇರಲಿಲ್ಲ. ಕಿರಾಣಿ ಅಂಗಡಿಯವನು ನನ್ನ ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರ ಕೊಟ್ಟ. ರಾಗಿ ಹಿಟ್ಟು ಕೇಳಿದ್ದಕ್ಕೆ ಇನ್ನೊಬ್ಬ, "ಕೂಸಿಗೇನ್ರಿ?" ಅಂದ. ಒಣಗಲು ಹಾಕಿದ ಬಟ್ಟೆಯ ಮೇಲೆ ಸಕ್ಕರೆ ಕಾರ್ಖಾನೆಯ ಚಿಮಣಿಯ ಕರಿ ಬಂದು ಕೂರುತ್ತಿತ್ತು. ಕೊಡವಬೇಕು, ಒರೆಸಬಾರದು ಅನ್ನುವುದನ್ನು ಮೂರು ಬಿಳಿ ದುಪಟ್ಟಾ ಹಾಳುಮಾಡಿಕೊಂಡ ಮೇಲೆ ಕಲಿತೆ. ಪಾಳಿ ಬದಲಾಗುವಾಗ ಕಾರ್ಖಾನೆಯ ಸೈರನ್ನು, ಅವರ ಮಾತಿನಲ್ಲಿ ಭೋಂಗಾ, ಕೂಗುತ್ತಿತ್ತು. ಅದು ಕೂಗಿದಾಗೆಲ್ಲ ಊರಿಗೆ ಊರೇ ಎಲ್ಲಿಗೋ ಹೊರಡುತ್ತಿತ್ತು, ಎಲ್ಲಿಂದಲೋ ಮನೆಗೆ ಬರುತ್ತಿತ್ತು. ನನ್ನನ್ನು ಕಾಯುವವರು ಯಾರೂ ಇರಲಿಲ್ಲ, ನಾನು ಕಾಯುವವರೂ ಇರಲಿಲ್ಲ.

ಭಾನುವಾರ ಬಂದರೆ ಸುಮ್ಮನೆ ರೈಲು ಹತ್ತಿ ಮಿರಜಿಗೆ ಹೋಗುತ್ತಿದ್ದೆ. ಅಲ್ಲಿ ಪ್ಲಾಟ್‌ಫಾರ್ಮಿನಲ್ಲೇ ಒಂದು ಚಹಾ ಕುಡಿದು, ಪೇಪರ್ ಕೊಂಡು, ಮುಂದಿನ ರೈಲಿಗೆ ವಾಪಸ್. ನಾಲ್ಕು ಜನರ ನಡುವೆ ನಿಂತರೆ ಒಂಟಿತನ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ಎಲ್ಲರೂ ಯಾರನ್ನೋ ಕರೆದುಕೊಳ್ಳಲು ಬಂದಿರುವ ಜಾಗದಲ್ಲಿ ಅದು ಇನ್ನೂ ಜಾಸ್ತಿ ಅನ್ನಿಸುತ್ತಿತ್ತು. ಆದರೂ ಮುಂದಿನ ವಾರ ಮತ್ತೆ ಹೋಗುತ್ತಿದ್ದೆ.

ಆ ಊರಿನಲ್ಲಿ ನನಗೆ ಮನೆ ಅನ್ನಿಸಿದ್ದು ಏನಾದರೂ ಇದ್ದರೆ ಅದು ಅಕ್ಕಾತಾಯಿಯವರ ಅಡುಗೆಮನೆ. ಹಿಂದಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟಿದ್ದರು. ಗಂಡ ಅಪ್ಪಾಸಾಹೇಬರು, ಮಗ, ಸೊಸೆ ಎಲ್ಲ ಜುಗೂಳದ ಹತ್ತಿರ ನದಿಗೆ ಹತ್ತಿದ ಹೊಲ ನೋಡಿಕೊಳ್ಳುತ್ತಿದ್ದರು. ಅಕ್ಕಾತಾಯಿಯ ಹೆಸರಿನಲ್ಲೇ ಅಕ್ಕನೂ ಇದ್ದಳು, ತಾಯಿಯೂ ಇದ್ದಳು. ಯಾವುದನ್ನು ಕರೆಯಬೇಕೆಂದು ತಿಳಿಯದೆ ನಾನು ಮಾತಿಗೆಲ್ಲ "ನೋಡಿ" ಅಂತಲೇ ಶುರುಮಾಡುತ್ತಿದ್ದೆ. ಅವರು ನನ್ನನ್ನು ಆ ಕಡೆ ಟೀಚರುಗಳನ್ನೆಲ್ಲ ಕರೆಯುವಂತೆ "ಬಾಯಾರ" ಅನ್ನುತ್ತಿದ್ದರು. ಅವರ ತವರು ಗಡಿಯ ಆಚೆ, ಶಿರೋಳದ ಕಡೆ. ಗಂಡ ಮಕ್ಕಳ ಜೊತೆ ಮರಾಠಿ, ಓಣಿಯವರ ಜೊತೆ ಎರಡೂ ಕಲಸಿದ್ದು. ನನಗೆ ಮರಾಠಿಯ ಗಂಧಗಾಳಿ ಇಲ್ಲವೆಂದು ನನ್ನ ಜೊತೆ ಮಾತ್ರ ಆರಿಸಿ ಆರಿಸಿ ಅಪ್ಪಟ ಕನ್ನಡ ಆಡುತ್ತಿದ್ದರು. ದಿನಾ ಬೆಳಿಗ್ಗೆ ನನ್ನ ಬಾಗಿಲ ಮುಂದೆ ನಿಂತು, "ಬಾಯಾರ, ತಾಟ ಹಿಡೀರಿ. ಬಿಸಿ ಐತಿ, ಕೈ ಜ್ವಾಕಿ" ಅನ್ನುತ್ತಿದ್ದರು. ತಾಟಿನಲ್ಲಿ ರೊಟ್ಟಿ, ಪಲ್ಲೆ, ಒಂದಿಷ್ಟು ಶೇಂಗಾ ಚಟ್ನಿ. ಕೊಟ್ಟು ಹೋಗದೆ ಹೊಸ್ತಿಲ ಮೇಲೆ ಕೂತು, ನಾನು ಮೊದಲ ತುತ್ತು ತಿನ್ನುವುದನ್ನು ನೋಡಿಯೇ ಏಳುತ್ತಿದ್ದರು.

ಹೀಗೆ ಡಿಸೆಂಬರ್ ಬಂತು, ಎಳ್ಳಮಾವಾಸ್ಯೆ ಬಂತು. ಎಲ್ಲರೂ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುವ ಹಬ್ಬ. ನಮ್ಮ ಕಡೆ ಇಲ್ಲ. ಹಿಂದಿನ ದಿನವೆಲ್ಲ ಮನೆ ಎಳ್ಳು ಹುರಿದ ಘಮದಲ್ಲಿ ಮುಳುಗಿತ್ತು. ಸೊಸೆ ಹೋಳಿಗೆ ತಟ್ಟುತ್ತಿದ್ದಳು. ನಾನು ಕಾಲೇಜಿನಿಂದ ಬಂದು ಕೋಣೆಯಲ್ಲಿ ಕೂತು, ನನ್ನನ್ನು ಕರೆಯುತ್ತಾರೋ ಇಲ್ಲವೋ ಅಂತಲೇ ಯೋಚಿಸುತ್ತಿದ್ದೆ. ಕರೆಯಲಿ ಅಂತ ಎಷ್ಟು ಆಸೆಯಿತ್ತೆಂದರೆ, ಮರುದಿನಕ್ಕೆ ಒಂದು ಹತ್ತಿ ಸೀರೆಯನ್ನೂ ತೆಗೆದು ಮಂಚದ ಮೇಲೆ ಇಟ್ಟಿದ್ದೆ.

ಸಂಜೆ ಅಕ್ಕಾತಾಯಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು.

"ಬಾಯಾರ, ನಾಳಿ ಅಮಾಸಿ ಐತ್ರಿ. ನಮಗ ಜುಗೂಳದ ಹೊಲಕ್ಕ ಹೋಗೂದೈತಿ. ಮುಂಜಾನೆ ಲಗೂನ ಬಿಡೂದೈತಿ."

ಅಷ್ಟು ಹೇಳಿ ಸುಮ್ಮನೆ ನಿಂತರು. ಮುಂದಿನ ಮಾತಿಗೆ ನಾನು ಕಾದೆ. ನೀವೂ ಬನ್ನಿ ಅನ್ನುತ್ತಾರೆ, ಈಗ ಅನ್ನುತ್ತಾರೆ ಅಂತ ಅವರ ಮುಖವನ್ನೇ ನೋಡಿದೆ. ಅವರು ನನ್ನ ಮುಖ ನೋಡುತ್ತಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಇವರಿಗೆ ಹೋಗುವುದಿದೆಯಂತೆ, ಮನೆ ಕಾಯಲು ಹೇಳಲು ಬಂದಿದ್ದಾರೆ ಅನ್ನಿಸಿತು.

"ಹೌದಾ? ಹೋಗಿ ಬನ್ನಿ" ಅಂದೆ. "ಮನೆ ಕಡೆ ನಾನು ನೋಡ್ಕೋತೀನಿ."

ಅವರು ಕೈಗಂಟಿದ ಹಿಟ್ಟು ಉಜ್ಜಿಕೊಳ್ಳುತ್ತ, "ಹಾಂ, ಆತ್ರಿ" ಅಂತ ತಿರುಗಿ ಹೋದರು.

ಬೆಳಿಗ್ಗೆ ಅಂಗಳದಲ್ಲಿ ಟ್ರ್ಯಾಕ್ಟರ್ ಬಂದು ನಿಂತಿತು. ಬುಟ್ಟಿ, ಜಮಖಾನೆ, ಮಕ್ಕಳು, ಬಳೆಯ ಸದ್ದು, ನಗು. ಕರೆಯಲೆಂದು ಕಾದು ಕೂತಿದ್ದಾಳೆ ಅಂತ ಅನ್ನಿಸಿಕೊಳ್ಳಬಾರದೆಂದು ನಾನು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ. ಅಪ್ಪಾಸಾಹೇಬರು ಹಾರ್ನ್ ಹೊಡೆದರು. ಮತ್ತೆ ಹೊಡೆದರು. ಎಷ್ಟು ಸಂಭ್ರಮ ಇವರಿಗೆ ಅಂದುಕೊಂಡೆ. ಆಮೇಲೆ ಟ್ರ್ಯಾಕ್ಟರ್ ಹೊರಟಿತು. ಅದರ ಸದ್ದು ಜುಗೂಳದ ದಾರಿ ಹಿಡಿದು ಪೂರ್ತಿ ಕರಗುವವರೆಗೂ ಕೇಳಿಸಿಕೊಂಡೆ. ಇಡೀ ಓಣಿ ಖಾಲಿಯಾಗಿತ್ತು. ನಾಯಿಗಳೂ ಗಾಡಿಗಳ ಹಿಂದೆ ಹೊಲಕ್ಕೆ ಹೋಗಿದ್ದವು. ನಾನು ಅತ್ತೆ. ಅದರಲ್ಲಿ ಮುಚ್ಚಿಡುವುದೇನಿದೆ? ಊಟಕ್ಕೆ ಕರೆಯಲಿಲ್ಲ ಅಂತ ಎಂ.ಎ. ಓದಿದ ಹೆಂಗಸು ಮಂಚದ ಮೇಲೆ ಕೂತು ಮಕ್ಕಳ ಹಾಗೆ ಅತ್ತೆ.

ಅದಾದ ಮೇಲೆ ತಾಟು ಬರುವುದೇನೂ ನಿಲ್ಲಲಿಲ್ಲ. ಆದರೆ ಅಕ್ಕಾತಾಯಿ ಅದನ್ನು ಕಟ್ಟೆಯ ಮೇಲೆ ಮುಚ್ಚಿಟ್ಟು, ಬಾಗಿಲು ಬಡಿದು, ನಾನು ತೆರೆಯುವಷ್ಟರಲ್ಲಿ ಹೋಗಿಬಿಟ್ಟಿರುತ್ತಿದ್ದರು. ಹೊಸ್ತಿಲ ಮೇಲೆ ಕೂರಲಿಲ್ಲ. ನಾನೂ ತಾಟು ತೊಳೆದು, ಅದರಲ್ಲಿ ಪೇಟೆಯಿಂದ ತಂದ ಬಾಳೆಹಣ್ಣನ್ನೋ ಬಿಸ್ಕೀಟನ್ನೋ ಇಟ್ಟು ವಾಪಸ್ ಮಾಡುತ್ತಿದ್ದೆ. ಎದುರಿಗೆ ಸಿಕ್ಕರೆ, "ಊಟಾತ್ರಿ?" "ಆಯ್ತು." ಮಾತು ಅಲ್ಲಿಗೆ ಮುಗಿಯುತ್ತಿತ್ತು. ಜನವರಿಯ ಚಳಿಯಲ್ಲಿ ನದಿಯ ಕಡೆಯಿಂದ ಮಂಜು ಬಂದು ಬೆಳಿಗ್ಗೆಯೆಲ್ಲ ಊರೇ ಕಾಣುತ್ತಿರಲಿಲ್ಲ. ಒಂದೇ ಗೋಡೆಯ ಆಚೆ ಈಚೆ ಇದ್ದ ನಾವಿಬ್ಬರೂ ಹೆಚ್ಚು ಕಡಿಮೆ ಹಾಗೇ ಇದ್ದೆವು. ನಾನು ಪೂರ್ತಿ ಒಬ್ಬಳಾಗಿದ್ದು ಆ ದಿನಗಳಲ್ಲಿ. ಮೊದಲು ಯಾರೂ ಇಲ್ಲದ ಒಂಟಿತನವಿತ್ತು. ಈಗಿನದು ಇದ್ದವರು ದೂರವಾದ ಒಂಟಿತನ, ಅದು ಹೆಚ್ಚು ನೋಯುತ್ತಿತ್ತು.

ಫೆಬ್ರವರಿಯಲ್ಲಿ ಎರಡನೇ ವರ್ಷದವರಿಗೆ ಎರಡು ಸಣ್ಣಕಥೆಗಳ ಪಾಠವಿತ್ತು. ಎರಡರಲ್ಲೂ ಕಥೆ ಹೇಳುವ ದೃಷ್ಟಿಕೋನವನ್ನೂ ವಸ್ತುವನ್ನೂ ಹೋಲಿಸಬೇಕು. ಪರೀಕ್ಷೆಗೆ ತಪ್ಪದೆ ಬರುವ ಪ್ರಶ್ನೆ. ಮೊದಲ ಕಥೆಯನ್ನು ಪರವೂರಿನ ಆಸ್ಪತ್ರೆಯಲ್ಲಿ ಕೆಲಸಕ್ಕಿರುವ ನರ್ಸ್ ಒಬ್ಬಳು "ನಾನು" ಅಂತ ತಾನೇ ಹೇಳುತ್ತಾಳೆ. ಓಣಿಯಲ್ಲಿ ತನ್ನನ್ನು ಯಾರೂ ಮಾತಾಡಿಸುವುದಿಲ್ಲ ಅನ್ನುವುದೇ ಅವಳ ಕಥೆ. ಎರಡನೆಯದನ್ನು ಒಂದು ಹಳ್ಳಿಯ ಹೆಂಗಸರೆಲ್ಲ ಸೇರಿ "ನಾವು" ಅಂತ ಹೇಳುತ್ತಾರೆ. ಹೇಳುವುದು ಹಿಟ್ಟಿನ ಗಿರಣಿ ನಡೆಸಲು ಊರಿಗೆ ಒಬ್ಬಳೇ ಬಂದ ಹೆಂಗಸಿಗೆ, "ನೀನು" ಅಂತ ಅವಳ ಕಡೆ ತಿರುಗಿ: ನೀನು ಬಂದ ದಿನ ನಾವು ಬಾವಿಯ ಹತ್ತಿರ ಇದ್ದೆವು, ನಿನ್ನ ಬೀಗ ನೋಡಿದೆವು, ನಿನ್ನ ಹೆಸರು ಕೇಳಲಿಲ್ಲ. ಕೊನೆಯಲ್ಲಿ ಜೋರು ಮಳೆ ಬರುತ್ತದೆ. ಎಲ್ಲರೂ ಗಿರಣಿಯೊಳಗೆ ನುಗ್ಗುತ್ತಾರೆ. "ಅವತ್ತು ನಾವೆಲ್ಲ ಅಲ್ಲೇ ಕೂತು ರೊಟ್ಟಿ ತಿಂದೆವು" ಎಂದು ಕಥೆ ಮುಗಿಯುತ್ತದೆ.

ನಾನು ಹಲಗೆಯ ಮೇಲೆ ನಡುವೆ ಗೆರೆ ಎಳೆದು ಬರೆದೆ. ಒಂದು ಕಡೆ "ನಾನು", ಇನ್ನೊಂದು ಕಡೆ "ನಾವು". ವಸ್ತು ಎರಡಕ್ಕೂ ಒಂದೇ, ಒಂಟಿತನ ಅಂತ ಬರೆದೆ. ಆಗ ವೈಶಾಲಿ ಎದ್ದು ನಿಂತಳು. ಶೇಡಬಾಳದ ಕಡೆಯ ಹುಡುಗಿ, ಮನೆಮಾತು ಮರಾಠಿ, ಪಾಠದಲ್ಲಿ ಕೊಕ್ಕೆ ಹಾಕದಿದ್ದರೆ ಅವಳಿಗೆ ನಿದ್ದೆ ಬಾರದು.

"ಮ್ಯಾಡಂ, ಕಡೀಕ 'ನಾವೆಲ್ಲಾ' ಅಂತ ಐತಲ್ರಿ, ಅದು ಆಮ್ಹಿ ಏನ್ರಿ, ಆಪಣ ಏನ್ರಿ?"

"ಹಾಗಂದ್ರೆ?"

"ಅಂದ್ರ, ಗಿರಣಿಯಾಕಿ ಅದರಾಗ ಅದಾಳೋ ಇಲ್ಲೋ?"

ನನಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಕ್ಲಾಸೇ ಎರಡು ಪಾಲಾಯಿತು. "ಆಪಣ ಐತಲೇ, ಮಳಿ ಬಂದೈತಿ, ಆಕೀನೂ ಕುಂತಿರ್ತಾಳ" ಅಂತ ಹಿಂದಿನ ಬೆಂಚು. "ಏ ಹೋಗೋ, ಆಮ್ಹಿ ಐತಿ. ಆಕಿ ನಿಂತ ನೋಡಾಕತ್ತಿರ್ತಾಳ" ಅಂತ ಮುಂದಿನವರು. ಕೊನೆಗೆ ಸಾಗರ ಅನ್ನುವ ತರಲೆ ಹುಡುಗ ಎದ್ದು ನನಗೆ ಪಾಠ ಮಾಡಿದ.

"ಹೇಳ್ತೀನಿ ಕೇಳ್ರಿ ಮ್ಯಾಡಂ. ಈಗ ನಾ ನಿಮಗ 'ಆಮ್ಹಿ ಚಹಾಲಾ ಚಾಲಲೋ' ಅಂದ್ನಿ ಅಂದ್ರ, ನಾವ್ ಹುಡುಗರು ಹೊಂಟೀವಿ, ನೀವ್ ಇಲ್ಲೇ ಇರ್ರಿ. 'ಆಪಣ ಚಹಾ ಘೇಊ' ಅಂದ್ನಿ ಅಂದ್ರ, ನಿಮ್ಮನ್ನೂ ಹಿಡದ ಹೇಳೇನಿ. ನೀವೂ ಬರಬೇಕು, ಬಿಲ್ಲೂ ನೀವ ಕೊಡಬೇಕು."

ಕ್ಲಾಸೆಲ್ಲ ನಕ್ಕಿತು. ವೈಶಾಲಿ ಮಾತ್ರ ಬಿಡಲಿಲ್ಲ. "ಮರಾಠ್ಯಾಗ ಬರಿಯೂದಾದ್ರ ಯಾವುದರೆ ಒಂದ ಬರೀಬೇಕ್ರಿ. ಕನ್ನಡದಾಗ ಎರಡಕ್ಕೂ 'ನಾವು' ಅಂತೀವಿ. ಆಪಣ ಅಂದ್ರ ವಸ್ತು ಒಂಟಿತನ ಹೆಂಗ ಆಗತೈತಿ? ಆಕಿ ಕೂಡಿದ್ಳಲ್ಲ."

ನಾನು ಹಲಗೆಯ ಮೇಲೆ ಬರೆದಿದ್ದ "ನಾವು" ಅನ್ನೇ ನೋಡುತ್ತ ನಿಂತೆ. ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದು ನಿಂತಿದ್ದ ಅಕ್ಕಾತಾಯಿ ಕಣ್ಣಿಗೆ ಕಟ್ಟಿದರು. ನಮಗ ಹೊಲಕ್ಕ ಹೋಗೂದೈತಿ. ನನಗಾಗಿ ಹುಡುಕಿ ಹುಡುಕಿ ಕನ್ನಡ ಆಡುವ ಆ ಹೆಂಗಸು ಅದನ್ನು ಒಳಗೆ ಯಾವ ಭಾಷೆಯಲ್ಲಿ ಯೋಚಿಸಿದ್ದರು? ಉಳಿದದ್ದನ್ನು ಮನೆಯಲ್ಲಿ ಬರೆದುಕೊಂಡು ಬನ್ನಿ ಅಂತ ಹೇಳಿ ಹೊರಗೆ ಬಂದೆ. ಉಗಾರದ ಬಸ್ಸು ಹೊರಡುವುದರಲ್ಲಿತ್ತು. ಓಡಿ ಹತ್ತಿದೆ.

ಅಕ್ಕಾತಾಯಿ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಎದುರಿಗೇ ನೆಲದ ಮೇಲೆ ಕೂತೆ.

"ಅಕ್ಕಾ" ಅಂದೆ. ಹಾಗೆ ಕರೆದದ್ದು ಅದೇ ಮೊದಲು. "ಅಮಾವಾಸ್ಯೆ ಹಿಂದಿನ ದಿನ ನನಗೊಂದು ಮಾತು ಹೇಳಿದ್ರಲ್ಲ, ಹೊಲಕ್ಕೆ ಹೋಗೋದಿದೆ ಅಂತ. ಅದನ್ನ ಮರಾಠಿಯಲ್ಲಿ ಹೇಳೋದಾಗಿದ್ರೆ ಏನಂತಿದ್ರಿ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಏನಂತಿದ್ನಿರಿ? 'ಆಪಲ್ಯಾಲಾ ಉದ್ಯಾ ಶೇತಾಲಾ ಜಾಯಚ ಹಾಯ' ಅಂತಿದ್ನಿ."

"ಆಪಲ್ಯಾಲಾ ಅಂದ್ರೆ ಆಪಣ ತಾನೇ? ಆಮ್ಹಿ ಅಲ್ವಾ?"

"ಆಮ್ಹಾಲಾ ಯಾಕ ಅನ್ಲಿರಿ? ಹಂಗಂದ್ರ ನಿಮ್ಮನ್ನ ಬಿಟ್ಟಂಗ ಆತು. ಒಂದ ಮನ್ಯಾಗ ಇದ್ದ ಹಂಗ ಅಂತಾರೇನ?"

ಅವರು ಮೊರ ಕೆಳಗಿಟ್ಟು, ಅಷ್ಟು ದಿನ ಒಳಗಿಟ್ಟುಕೊಂಡಿದ್ದನ್ನೆಲ್ಲ ಹೇಳಿದರು.

"ಟ್ರ್ಯಾಕ್ಟರ್ ನಿಲ್ಲಿಸ್ಕೊಂಡ ಎಷ್ಟೊತ್ತ ಕುಂತೀವ್ರಿ ನಿಮ್ಮ ಸಲುವಾಗಿ. ಇವರು ಹಾರ್ನ್ ಮ್ಯಾಲ ಹಾರ್ನ್ ಹೊಡದ್ರು. ನಾನ ಅಂದೆ, ಸಾಕ ಬಿಡ್ರಿ, ಬಾಯಾರ ನಿನ್ನೇನ ಅಂದಾರ, ನೀವ ಹೋಗಿ ಬರ್ರಿ ಅಂತ. ಕಲತವ್ರು, ಮಣ್ಣಾಗ ಕುಂತ ಉಣ್ಣೂದ ಅವರಿಗೆ ಸೇರೂದಿಲ್ಲ ಅಂತ ತಿಳಕೊಂಡ್ನಿ. ಜುಗೂಳದಾಗ ನಮ್ಮ ನೆಗೆಣ್ಣ್ಯಾರಿಗೆಲ್ಲಾ ಹೇಳಿದ್ದೆ, ನಮ್ಮ ಬಾಯಾರನ್ನ ಕರಕೊಂಡ ಬರ್ತೀನಿ, ನೋಡಾಕ ಬರ್ರಿ ಅಂತ. ಎಲ್ಲಿ ನಿಮ್ಮ ಬಾಯಾರು ಅಂತ ಕೇಳಿದ್ರ ನಾ ಏನ್ ಹೇಳ್ಳಿ?"

"ಇನ್ನೊಂದು ಸಲ ಕರೀಬಹುದಿತ್ತಲ್ಲ ಅಕ್ಕಾ?"

"ನೀವರೆ, ನಾನೂ ಬರ್ತೀನಿ ಅನಬಹುದಿತ್ತಲ್ರಿ?"

"ಕರೀದೆ ಹೇಗೆ ಬರಲಿ?"

"ಕರದಿದ್ನಲ್ಲ!"

ಇಬ್ಬರಿಗೂ ನಗು ಬಂತು. ನಗುತ್ತಲೇ ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಷ್ಟು ತಿಂಗಳು ನಾನು ಒಂದು ಕಥೆಯನ್ನು ನನಗೇ ಹೇಳಿಕೊಂಡಿದ್ದೆ, ಗೋಡೆಯ ಆಚೆ ಅವರು ಇನ್ನೊಂದನ್ನು ಹೇಳಿಕೊಂಡಿದ್ದರು. ದಿನ ಅದೇ, ಟ್ರ್ಯಾಕ್ಟರ್ ಅದೇ. ನನ್ನದರ ವಸ್ತು ಯಾರೂ ಕರೆಯಲಿಲ್ಲ ಅನ್ನುವುದು. ಅವರದರ ವಸ್ತು ಕರೆದರೂ ಬರಲಿಲ್ಲ ಅನ್ನುವುದು. ನನ್ನ ಕಥೆಯಲ್ಲಿ ಬಾಗಿಲು ಹಾಕಿದವರು ಅವರು. ಅವರ ಕಥೆಯಲ್ಲಿ ಆ ಬಾಗಿಲು ನಾನು ಹಾಕಿಕೊಂಡದ್ದು, ಮತ್ತು ಅದು ನಿಜವೂ ಆಗಿತ್ತು. ದೃಷ್ಟಿಕೋನದ ಬಗ್ಗೆ ವರ್ಷಗಟ್ಟಲೆ ಓದಿದ್ದರೂ ಇಷ್ಟು ಚೆನ್ನಾಗಿ ನನಗೇ ಅರ್ಥವಾಗಿರಲಿಲ್ಲ.

ಎಲ್ಲ ತಿಳಿಯಾಯಿತು, ಇನ್ನು ಸುಖವಾಗಿದ್ದೆವು ಅಂತ ಬರೆದರೆ ಸುಳ್ಳಾಗುತ್ತದೆ. ಆಮೇಲೆ ನಾವಿಬ್ಬರೂ ಅತಿ ಎಚ್ಚರದ ಮನುಷ್ಯರಾದೆವು. ಅಕ್ಕಾತಾಯಿ ಪ್ರತಿ ಮಾತಿಗೂ ಬಾಲ ಸೇರಿಸತೊಡಗಿದರು. "ಇವತ್ತ ನಾವು ಬಾಜಾರಕ್ಕ ಹೊಂಟೀವ್ರಿ, ನೀವೂ ಬರಬೇಕ ಮತ್ತ, ನಿಮ್ಮನ್ನೂ ಹಿಡದ ಹೇಳಾಕತ್ತೀನಿ." ಚಹಾ ಮಾಡಿದರೂ, "ಕುಡಿಯೂನು, ನೀವೂನೂ" ಅನ್ನುವರು. ಕೇಳಿ ನಗು ಬರುತ್ತಿತ್ತು, ಒಳಗೆ ಚುರುಕ್ ಅನ್ನುತ್ತಲೂ ಇತ್ತು. ಸೊಸೆಗೆ ಅವರು ಹಾಗೆ ಬಿಡಿಸಿ ಹೇಳುತ್ತಿರಲಿಲ್ಲ. ಮೊಮ್ಮಕ್ಕಳಿಗೂ ಹೇಳುತ್ತಿರಲಿಲ್ಲ. ಮನೆಯಲ್ಲಿ ಅಷ್ಟು ಜೋಪಾನವಾಗಿ ಲೆಕ್ಕಕ್ಕೆ ಹಿಡಿಯಬೇಕಾದವಳು ನಾನೊಬ್ಬಳೇ ಆಗಿದ್ದೆ.

ಮಾರ್ಚ್ ಮುಗಿಯುವಷ್ಟರಲ್ಲಿ ಕಾಲೇಜಿಗೆ ಕಾಯಂ ಉಪನ್ಯಾಸಕರು ಬಂದರು. ನನ್ನ ಕೆಲಸ ಮುಗಿಯಿತು. ಅಪ್ಪಾಸಾಹೇಬರು, "ಮುಂದಿನ ಅಮಾಸಿಗೆ ಬರ್ರಿ, ಹಾರ್ನ್ ಹೊಡ್ಯಂಗಿಲ್ಲ, ಒಳಗ ಬಂದ ಎತ್ಕೊಂಡ ಒಯ್ತೀನಿ" ಅಂತ ತಮಾಷೆ ಮಾಡಿದರು. ಸ್ಟೇಷನ್ನಿಗೆ ಅಕ್ಕಾತಾಯಿ ಬಂದಿದ್ದರು. ಎರಡನೆಯ ಎಳ್ಳಮಾವಾಸ್ಯೆ ನನಗೆ ಅಲ್ಲಿ ಸಿಗಲೇ ಇಲ್ಲ. ಜುಗೂಳದ ಆ ಹೊಲವನ್ನು ನಾನು ಇವತ್ತಿಗೂ ನೋಡಿಲ್ಲ. ಮೊದಮೊದಲು ಹಬ್ಬಕ್ಕೆ ಫೋನ್ ಮಾಡುತ್ತಿದ್ದೆವು, ಆಮೇಲೆ ಅದೂ ಅಪರೂಪವಾಯಿತು. ಮಂಡ್ಯದಲ್ಲಿ ಕೆಲಸ ಸಿಕ್ಕಿ, ಮದುವೆಯಾಗಿ, ಮನೆ ತುಂಬ ಜನ ಇರುವಾಗಲೂ ಒಮ್ಮೊಮ್ಮೆ ಆ ಖಾಲಿ ಓಣಿ ನೆನಪಾಗುತ್ತಿತ್ತು. ಪಕ್ಕದ ಮನೆಯ ಮರಾಠಿ ಕುಟುಂಬದಿಂದ ಅಷ್ಟಿಷ್ಟು ಮರಾಠಿಯನ್ನೂ ಕಲಿತೆ. ಯಾಕೆ ಅಂತ ಅವರಿಗೆ ಹೇಳಲಿಲ್ಲ.

ಬಸ್ಸು ಇಳಿದು ನಡೆದೆ. ಬಾಗಿಲು ತೆರೆದೇ ಇತ್ತು. ಅಕ್ಕಾತಾಯಿ ಕೂದಲೆಲ್ಲ ಬೆಳ್ಳಗಾಗಿ, ಸ್ವಲ್ಪ ಬಾಗಿದ್ದರು. ಒಳಗೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದವರು ತಲೆಯೆತ್ತಿ ನೋಡಿದರು. ನಾನು ಯಾರೆಂದು ಹೇಳಬೇಕೋ ಏನೋ ಅಂತ ತಡವರಿಸುತ್ತಿದ್ದೆ.

"ಯಾಕ್ರಿ ಬಾಯಾರ, ಹೊರಗ ಯಾಕ ನಿಂತೀರಿ? ಬರ್ರಿ, ಇದ ಭಾಳ ಐತಿ, ನನ್ನ ಕೈಲೆ ಆಗವಲ್ದು" ಅಂತ ಅರ್ಧ ಬುಟ್ಟಿ ಬಳ್ಳೊಳ್ಳಿಯನ್ನು ನನ್ನ ಕಡೆ ತಳ್ಳಿದರು.

ಎದುರಿಗೆ ಕೂತು ಸುಲಿಯತೊಡಗಿದೆ. ಎಲ್ಲರೂ ಕಬ್ಬು ಕಡಿಸಲು ಹೊಲಕ್ಕೆ ಹೋಗಿದ್ದರಂತೆ. ಮಂಡಿನೋವಿನ ಬಗ್ಗೆ ಹೇಳಿದರು, ಸೊಸೆ ಹೊಸ ಮಿಕ್ಸರ್ ಕೆಡಿಸಿದ ಬಗ್ಗೆ ಹೇಳಿದರು. ನನ್ನ ಗಂಡ ಏನು ಮಾಡುತ್ತಾನೆ, ಮಕ್ಕಳೆಷ್ಟು ಅಂತೆಲ್ಲ ಕೇಳಲಿಲ್ಲ. ಅಷ್ಟರಲ್ಲಿ ಅವರ ಫೋನ್ ರಿಂಗಾಯಿತು. ಶಿರೋಳದ ತಂಗಿ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕೈಯ ಕೆಲಸ ಬಿಡದೆ ಮರಾಠಿಯಲ್ಲಿ ಮಾತಾಡಿದರು. ಬಳ್ಳೊಳ್ಳಿಯ ಸಿಪ್ಪೆ ಊದುತ್ತ ಕೇಳಿಸಿಕೊಂಡೆ. ಮನೆಯಲ್ಲಿ ಯಾರ್ಯಾರಿದ್ದೀರಿ ಅಂತ ಆ ಕಡೆಯಿಂದ ತಂಗಿ ಕೇಳಿರಬೇಕು.

"ಕುಣೀ ನಾಯ ಗ" ಅಂದರು ಅಕ್ಕಾತಾಯಿ. "ಸಗಳೀ ಶೇತಾಲಾ ಗೇಲ್ಯಾತ. ಆಮ್ಹಿ ದೋಘೀಚ ಹಾಯ ಘರಾತ."

ಯಾರೂ ಇಲ್ಲವೇ, ಎಲ್ಲ ಹೊಲಕ್ಕೆ ಹೋಗಿದ್ದಾರೆ, ಮನೆಯಲ್ಲಿ ನಾವಿಬ್ಬರೇ ಇದ್ದೀವಿ. ಬಾಯಾರು ಬಂದಿದ್ದಾರೆ ಅನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಆಮ್ಹಿ ಅಂದಿದ್ದರು. ಆ ಮಾತು ಈ ಸಲ ಹೊರಗೆ ಬಿಟ್ಟದ್ದು ಶಿರೋಳದಲ್ಲಿದ್ದ ತಂಗಿಯನ್ನು.